ಹೀಬ್ರೂ ಧರ್ಮಗ್ರಂಥಗಳಲ್ಲಿ ಹೊರಚೆಲುವು ಮತ್ತು ಒಳಗಿನ ಯೋಗ್ಯತೆ

ಹೀಬ್ರೂ ಧರ್ಮಗ್ರಂಥಗಳಲ್ಲಿ ಮನುಷ್ಯರ ರೂಪವರ್ಣನೆ ಬಲು ವಿರಳ. ನೋಹನ ಮುಖ ಹೇಗಿತ್ತು, ಮಿರ್ಯಾಮಳ ಮೈಬಣ್ಣ ಯಾವುದು, ಯೆರೆಮೀಯ ಎಷ್ಟು ಎತ್ತರವಿದ್ದ ಎಂಬುದು ಅವುಗಳಿಂದ ತಿಳಿಯುವುದಿಲ್ಲ. ಯೆಹೂದ್ಯರ ಎಣಿಕೆಯಲ್ಲಿ 24, ಪ್ರಾಟೆಸ್ಟಂಟ್ ಕ್ರೈಸ್ತರ ಎಣಿಕೆಯಲ್ಲಿ 39 ಪುಸ್ತಕಗಳಿರುವ ಈ ಸಂಗ್ರಹವನ್ನು ಯೆಹೂದ್ಯರು ತನಖ್ ಎಂದೂ ಕ್ರೈಸ್ತರು ಹಳೆಯ ಒಡಂಬಡಿಕೆ ಎಂದೂ ಕರೆಯುತ್ತಾರೆ. ಇಲ್ಲಿ ಯಾರಾದರೊಬ್ಬರನ್ನು ಚೆಲುವೆ, ಚೆಲುವ ಎಂದು ಹೇಳಿದರೆ ಅದು ಅಲಂಕಾರಕ್ಕೆ ಬಂದ ಮಾತಾಗಿರುವುದಿಲ್ಲ. ಆ ಚೆಲುವಿನಿಂದಾಗಿ ಮುಂದೆ ಏನೋ ನಡೆಯಲಿದೆ ಎಂಬುದರ ಮುನ್ಸೂಚನೆಯಾಗಿರುತ್ತದೆ. ಚೆಲುವು ಕೇಡು ಎಂಬ ಬೋಧನೆ ಈ ಗ್ರಂಥಗಳಲ್ಲಿಲ್ಲ. ಚೆಲುವನ್ನು ಕಂಡವರು ಏನು ಮಾಡಿದರು, ಚೆಲುವಿದ್ದವರು ಯಾವುದನ್ನು ನೆಚ್ಚಿ ಬಾಳಿದರು ಎಂಬ ಎರಡು ಪ್ರಶ್ನೆಗಳ ಮೇಲೆ ಅವುಗಳ ಗಮನವೆಲ್ಲ ನೆಟ್ಟಿದೆ.

ಪಿತೃಗಳ ಕತೆಗಳು

ಆದಿಕಾಂಡದ ಪಿತೃಗಳ ಕತೆಗಳಲ್ಲಿ ಚೆಲುವು ಮೊದಲು ಬರುವುದೇ ಅಪಾಯವಾಗಿ. ಬರಗಾಲಕ್ಕೆ ಸಿಕ್ಕಿ ಐಗುಪ್ತಕ್ಕೆ ಇಳಿಯುವಾಗ ಅಬ್ರಹಾಮನಿಗೆ ಹೆಂಡತಿಯ ರೂಪವೇ ಭಯ ಹುಟ್ಟಿಸುತ್ತದೆ. ಅವಳಿಗಾಗಿ ತನ್ನನ್ನು ಕೊಂದಾರು ಎಂದು ಹೆದರಿ, ತಂಗಿ ಎಂದು ಹೇಳಿಕೊಳ್ಳುವಂತೆ ಅವಳನ್ನು ಬೇಡುತ್ತಾನೆ. ಗ್ರಂಥ ಕೊಡುವ ವಯಸ್ಸಿನ ಲೆಕ್ಕ ಹಿಡಿದರೆ ಸಾರಳಿಗೆ ಆಗ ಸುಮಾರು 65 ವರ್ಷ. ಫರೋಹನು ಅವಳನ್ನು ಅರಮನೆಗೆ ಕರೆಸಿಕೊಳ್ಳುತ್ತಾನೆ, ಅಬ್ರಹಾಮನಿಗೆ ಕುರಿ, ದನ, ಒಂಟೆಗಳು ಸಿಗುತ್ತವೆ, ಕೊನೆಗೆ ದೇವರು ಕಳಿಸಿದ ಬಾಧೆಯಿಂದ ಅರಮನೆಯ ಕಣ್ಣು ತೆರೆಯುತ್ತದೆ. ಇಷ್ಟೆಲ್ಲದರ ನಡುವೆ ಸಾರಳ ಒಂದು ಮಾತೂ ದಾಖಲಾಗಿಲ್ಲ. 1947ರಲ್ಲಿ ಮೃತಸಮುದ್ರದ ಬಳಿಯ ಕುಮ್ರಾನ್ ಗವಿಯಲ್ಲಿ ಸಿಕ್ಕ ಅರಾಮಿಕ್ ಸುರುಳಿಯೊಂದು ಇದೇ ಕತೆಯನ್ನು ವಿಸ್ತರಿಸಿ ಹೇಳುತ್ತದೆ. ಅದರಲ್ಲಿ ಫರೋಹನ ಅಧಿಕಾರಿಗಳು ಸಾರಳ ಕೂದಲು, ಕಣ್ಣು, ಕೈ, ಪಾದಗಳನ್ನು ಒಂದೊಂದಾಗಿ ಹೊಗಳುತ್ತಾರೆ. ಹೊಗಳಿಕೆಯ ಕೊನೆಗೆ ಅವಳ ವಿವೇಕವನ್ನೂ ಕೈಕೆಲಸದ ಅಚ್ಚುಕಟ್ಟುತನವನ್ನೂ ಸೇರಿಸುತ್ತಾರೆ. ಮೂಲದಲ್ಲಿ ಇಲ್ಲದ ಈ ಸೇರ್ಪಡೆಯನ್ನು ನೋಡಿದರೆ, ಬರಿಯ ರೂಪದ ಹೊಗಳಿಕೆ ಅಂದಿನ ಓದುಗರಿಗೂ ಅರೆಬರೆ ಎನಿಸಿರಬೇಕು.

ರೆಬೆಕ್ಕಳ ಕತೆಯಲ್ಲಿ ಕ್ರಮವೇ ಬೇರೆ. ಇಸಾಕನಿಗೆ ಹೆಣ್ಣು ಹುಡುಕಲು ಹತ್ತು ಒಂಟೆಗಳೊಂದಿಗೆ ಹೊರಟ ಸೇವಕ ಬಾವಿಯ ಬಳಿ ನಿಂತು ಒಂದು ಪರೀಕ್ಷೆಯನ್ನು ಮೊದಲೇ ಗೊತ್ತುಮಾಡಿಕೊಳ್ಳುತ್ತಾನೆ: ಕೇಳಿದವನಿಗೆ ನೀರು ಕೊಟ್ಟು, ಕೇಳದೆಯೇ ಒಂಟೆಗಳಿಗೂ ನೀರೆರೆಯುವವಳೇ ತಕ್ಕ ಹುಡುಗಿ. ಅವಳು ಚೆಲುವೆ ಎಂದು ಕತೆಗಾರ ಹೇಳುವುದು ಆಮೇಲೆ. ಬಾಯಾರಿದ ಒಂದು ಒಂಟೆ ಒಮ್ಮೆಗೇ ಹತ್ತಾರು ಲೀಟರ್ ನೀರು ಕುಡಿಯುತ್ತದೆ. ಹತ್ತು ಒಂಟೆಗಳಿಗೆ ಸಾಕಾಗುವಷ್ಟು ನೀರನ್ನು ಬಾವಿಯಿಂದ ಕೊಡದಲ್ಲಿ ಹೊರುವುದೆಂದರೆ ಎಂಥ ದುಡಿಮೆ ಎಂಬುದು ನೀರು ಹೊತ್ತವರಿಗೆ ಗೊತ್ತು. ಮನೆಗೆ ಸೊಸೆಯಾಗಿ ಬರುವವಳನ್ನು ಆರಿಸಿದ್ದು ಆ ದುಡಿಮೆ.

ಅಕ್ಕತಂಗಿಯರಾದ ಲೇಯ ಮತ್ತು ರಾಹೇಲರ ಕತೆ ಈ ವಿಷಯದಲ್ಲಿ ಅತ್ಯಂತ ನೋವಿನದು. ರಾಹೇಲ ರೂಪವತಿ. ಲೇಯಳ ಬಗ್ಗೆ ಕಣ್ಣುಗಳ ಕುರಿತ ಒಂದೇ ಮಾತಿದೆ; ಅದು ಹೊಗಳಿಕೆಯೋ ಕೊರತೆಯೋ ಎಂದು ವ್ಯಾಖ್ಯಾನಕಾರರು ಇಂದಿಗೂ ವಾದಿಸುತ್ತಾರೆ. ಯಾಕೋಬ ರಾಹೇಲಳಿಗಾಗಿ ಏಳು ವರ್ಷ ದುಡಿಯುತ್ತಾನೆ. ಮದುವೆಯ ರಾತ್ರಿ ಮಾವ ಲಾಬಾನ ಲೇಯಳನ್ನು ಕಳಿಸಿ ಮೋಸಮಾಡುತ್ತಾನೆ, ಯಾಕೋಬ ಇನ್ನೂ ಏಳು ವರ್ಷಗಳ ದುಡಿಮೆಗೆ ಒಪ್ಪಿಕೊಳ್ಳಬೇಕಾಗುತ್ತದೆ. ಗಂಡ ಒಲ್ಲದ ಹೆಂಡತಿಯಾಗಿ ಲೇಯ ಒಂದೊಂದು ಮಗು ಹುಟ್ಟಿದಾಗಲೂ ಇನ್ನಾದರೂ ಅವನ ಮನಸ್ಸು ತನ್ನತ್ತ ತಿರುಗೀತೆಂದು ಹಂಬಲಿಸುತ್ತಾಳೆ. ಮಕ್ಕಳಿಗೆ ಅವಳು ಇಟ್ಟ ಹೆಸರುಗಳಲ್ಲೇ ಆ ಹಂಬಲ ಸೇರಿಹೋಗಿದೆ. ಆದರೆ ಇಸ್ರಾಯೇಲಿನ ಯಾಜಕರ ಕುಲ ಇಳಿದುಬಂದದ್ದು ಅವಳ ಮಗ ಲೇವಿಯಿಂದ, ದಾವೀದನ ರಾಜವಂಶ ಇಳಿದುಬಂದದ್ದು ಅವಳ ಇನ್ನೊಬ್ಬ ಮಗ ಯೆಹೂದನಿಂದ. ರಾಹೇಲಳ ಸಮಾಧಿ ಬೇತ್ಲೆಹೇಮಿನ ದಾರಿಯ ಬದಿಯಲ್ಲಾಯಿತು. ಯಾಕೋಬ ಸಾಯುವಾಗ ತನ್ನನ್ನು ಹೂಳಬೇಕೆಂದು ಕೇಳಿಕೊಂಡ ಮಕ್ಪೇಲದ ಕುಟುಂಬದ ಗವಿಯಲ್ಲಿ ಅವನ ಜೊತೆಗಿರುವವಳು ಲೇಯ. ಗ್ರಂಥ ಇದಕ್ಕೆ ಯಾವ ಟಿಪ್ಪಣಿಯನ್ನೂ ಸೇರಿಸುವುದಿಲ್ಲ.

ರೂಪ ತಂದ ಕಷ್ಟ ಹೆಣ್ಣುಮಕ್ಕಳಿಗಷ್ಟೇ ಮೀಸಲಲ್ಲ. ರಾಹೇಲಳ ಮಗ ಯೋಸೇಫನನ್ನು ಅವನ ತಾಯಿಗೆ ಬಳಸಿದ ಮಾತುಗಳಿಂದಲೇ ವರ್ಣಿಸಲಾಗಿದೆ. ಯಜಮಾನ ಪೋಟೀಫರನ ಹೆಂಡತಿ ಅವನ ಮೇಲೆ ಕಣ್ಣು ಹಾಕುತ್ತಾಳೆ. ಒಪ್ಪದಿದ್ದಾಗ ಸುಳ್ಳು ಆರೋಪ ಹೊರಿಸುತ್ತಾಳೆ. ಅವನು ಸೆರೆಮನೆ ಸೇರುತ್ತಾನೆ. ಮುಂದೆ ಅವನನ್ನು ಐಗುಪ್ತದ ಆಡಳಿತದ ತುದಿಗೇರಿಸುವುದು ಬರಗಾಲಕ್ಕೆ ಮೊದಲೇ ಧಾನ್ಯ ಕೂಡಿಡುವ ದೂರದೃಷ್ಟಿ.

ಸಮುವೇಲನ ಪುಸ್ತಕಗಳು

ಹೊರಗನ್ನೂ ಒಳಗನ್ನೂ ಎದುರುಬದುರು ನಿಲ್ಲಿಸಿ ನೇರವಾಗಿ ಮಾತಾಡುವ ಪ್ರಸಿದ್ಧ ಭಾಗ ಸಮುವೇಲನ ಮೊದಲನೆಯ ಪುಸ್ತಕದ 16ನೇ ಅಧ್ಯಾಯ. ಅದಕ್ಕೆ ಹಿನ್ನೆಲೆಯಾಗಿ ಮೊದಲ ಅರಸ ಸೌಲನಿದ್ದಾನೆ. ಅವನು ಜನರ ನಡುವೆ ನಿಂತರೆ ಉಳಿದವರೆಲ್ಲ ಅವನ ಹೆಗಲ ಮಟ್ಟಕ್ಕಿರುತ್ತಿದ್ದರು, ಅವನಿಗಿಂತ ಚೆಲುವ ಇಸ್ರಾಯೇಲಿನಲ್ಲಿ ಇರಲಿಲ್ಲ. ಆ ಎತ್ತರವನ್ನು ನೋಡಿಯೇ ಜನ ಜಯಘೋಷ ಮಾಡಿದರು. ಅವನ ಆಳ್ವಿಕೆ ಅಸೂಯೆ, ಅವಿಧೇಯತೆ, ದಿಗಿಲುಗಳಲ್ಲಿ ಕುಸಿಯಿತು. ಹೊಸ ಅರಸನನ್ನು ಅಭಿಷೇಕಿಸಲು ಬೇತ್ಲೆಹೇಮಿನ ಇಷಯನ ಮನೆಗೆ ಬಂದ ಪ್ರವಾದಿ ಸಮುವೇಲ ಹಿರಿಯ ಮಗ ಎಲೀಯಾಬನ ನಿಲುವು ಕಂಡು ಇವನೇ ಸರಿ ಎಂದುಕೊಳ್ಳುತ್ತಾನೆ. ಆಗ ದೇವರು ಅವನನ್ನು ತಡೆದು, ಮನುಷ್ಯರ ನೋಟ ಹೊರಗೆ ಕಾಣುವುದರಲ್ಲೇ ನಿಲ್ಲುತ್ತದೆ, ತಾನು ಹೃದಯವನ್ನು ನೋಡುತ್ತೇನೆ ಎಂಬ ಅರ್ಥದ ಉತ್ತರ ಕೊಡುತ್ತಾನೆ. ಏಳು ಗಂಡುಮಕ್ಕಳು ಮುಂದೆ ಹಾದುಹೋದ ಮೇಲೆ, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಕುರಿ ಮೇಯಿಸಲು ಬಿಟ್ಟಿದ್ದ ಕಿರಿಯವನನ್ನು ಕರೆಸಲಾಗುತ್ತದೆ.

ಇಲ್ಲಿ ಅನೇಕ ಉಪದೇಶಕರು ಗಮನಿಸದೆ ದಾಟುವ ಒಂದು ಸಂಗತಿಯಿದೆ. ಆ ಮಾತು ಹೇಳಿ ಐದು ವಚನ ಕಳೆಯುವಷ್ಟರಲ್ಲಿ ಕತೆಗಾರ ದಾವೀದನ ಕೆಂಬಣ್ಣವನ್ನೂ ಸುಂದರ ಕಣ್ಣುಗಳನ್ನೂ ಹೊಗಳುತ್ತಾನೆ. ಕುರೂಪಿಯಾದುದರಿಂದ ದಾವೀದ ಆಯ್ಕೆಯಾದನೆಂದು ತಿಳಿದರೆ ಅದು ತಪ್ಪು ಓದು. ಚೆಲುವು ಅವನಲ್ಲೂ ಇತ್ತು, ಆಯ್ಕೆಗೆ ಅದು ಕಾರಣವಾಗಲಿಲ್ಲ. ಮುಂದಿನ ಅಧ್ಯಾಯದಲ್ಲಿ ಎದುರಾಳಿ ಯೋಧ ಗೊಲ್ಯಾತ ಅದೇ ಎಳೆಯ ಮುಖವನ್ನು ಕಂಡು ತಾತ್ಸಾರ ಮಾಡುತ್ತಾನೆ. ರೂಪ ನೋಡಿ ಅಳೆದವನು ಅಲ್ಲಿ ಪ್ರಾಣವನ್ನೇ ಕಳೆದುಕೊಳ್ಳುತ್ತಾನೆ.

ಹೃದಯ ನೋಡಿ ಆರಿಸಲ್ಪಟ್ಟ ದಾವೀದನ ಕಣ್ಣೇ ಮುಂದೆ ಅವನನ್ನು ಕೆಡಿಸುತ್ತದೆ. ಅರಮನೆಯ ಮಾಳಿಗೆಯಿಂದ ಬತ್ಷೆಬೆ ಸ್ನಾನ ಮಾಡುವುದನ್ನು ಕಂಡು, ಅವಳನ್ನು ಕರೆಸಿ, ಅವಳ ಗಂಡ ಊರೀಯನನ್ನು ಯುದ್ಧದ ಮುಂಚೂಣಿಗೆ ನೂಕಿ ಸಾಯಿಸುತ್ತಾನೆ. ಪ್ರವಾದಿ ನಾತಾನ ಬಂದು, ಬಡವನ ಒಂದೇ ಒಂದು ಹೆಣ್ಣು ಕುರಿಮರಿಯನ್ನು ಕಸಿದುಕೊಂಡ ಧನಿಕನ ಕತೆ ಹೇಳಿ ಅರಸನ ಬಾಯಿಂದಲೇ ತೀರ್ಪು ಹೊರಡಿಸುತ್ತಾನೆ. ಅವಳ ಚೆಲುವು ಅಲ್ಲಿ ತಪ್ಪಿತಸ್ಥವಾಗುವುದಿಲ್ಲ, ದೂರೆಲ್ಲ ಅರಸನ ಮೇಲಿದೆ. ದಾವೀದನ ಮಗಳು ತಾಮಾರಳ ಮೇಲೆ ಮಲಸಹೋದರ ಅಮ್ನೋನ ನಡೆಸಿದ ಅತ್ಯಾಚಾರದ ಅಧ್ಯಾಯವೂ ಹಾಗೆಯೇ. ಅವನ ಮೋಹ ಕ್ಷಣದಲ್ಲಿ ದ್ವೇಷಕ್ಕೆ ತಿರುಗುವುದನ್ನು ಗ್ರಂಥ ಮುಚ್ಚಿಡದೆ ಬರೆಯುತ್ತದೆ. ಹೆಣ್ಣಿನ ರೂಪವನ್ನೇ ಅಪರಾಧಿಯಾಗಿಸುವ ಅಭ್ಯಾಸಕ್ಕೆ ಈ ಎರಡೂ ಅಧ್ಯಾಯಗಳಲ್ಲಿ ಯಾವ ಆಸರೆಯೂ ಸಿಗದು.

ತಾಮಾರಳ ಅಣ್ಣ ಅಬ್ಷಾಲೋಮ ಇಡೀ ಸಂಗ್ರಹದಲ್ಲೇ ಅತಿ ಹೆಚ್ಚು ಹೊಗಳಿಸಿಕೊಂಡ ಚೆಲುವ. ಅಂಗಾಲಿನಿಂದ ನಡುನೆತ್ತಿಯವರೆಗೆ ಒಂದು ಕುಂದೂ ಇಲ್ಲ. ಕೂದಲು ಭಾರವಾದಾಗ ಕತ್ತರಿಸಿ ತೂಗಿದರೆ ಅರಸನ ತೂಕದಲ್ಲಿ 200 ಶೆಕೆಲ್, ಅಂದರೆ ಎರಡು ಕಿಲೋಗೂ ಮೇಲೆ. ಅವನು ಊರ ಬಾಗಿಲಲ್ಲಿ ನಿಂತು, ನ್ಯಾಯ ಕೇಳಲು ಬಂದವರನ್ನು ಅಪ್ಪಿ ಮುದ್ದಿಟ್ಟು ಜನರ ಮನಸ್ಸು ಕದ್ದು, ತಂದೆಯ ವಿರುದ್ಧವೇ ದಂಗೆ ಎದ್ದ. ಸೋತು ಓಡುವಾಗ ಅವನ ತಲೆ ದೊಡ್ಡ ಮರದ ಕೊಂಬೆಗಳಲ್ಲಿ ಸಿಕ್ಕಿಕೊಂಡಿತು, ಹೇಸರಗತ್ತೆ ಮುಂದಕ್ಕೆ ಹೋಯಿತು, ನೇತಾಡುತ್ತಿದ್ದವನನ್ನು ಸೇನಾಪತಿ ಯೋವಾಬ ಇರಿದ. ಸಿಕ್ಕಿಕೊಂಡದ್ದು ಆ ಕೂದಲೇ ಎಂದು ಮೂಲ ಹೇಳುವುದಿಲ್ಲ, ನಂತರದ ಯೆಹೂದ್ಯ ಪರಂಪರೆ ಹೇಳುತ್ತದೆ. ಇದೇ ಪುಸ್ತಕದಲ್ಲಿ ಎರಡೂ ಕಾಲು ಕುಂಟಾದ ಮೆಫೀಬೋಶೆತ ಬರುತ್ತಾನೆ. ಐದು ವರ್ಷದವನಿದ್ದಾಗ ದಾದಿಯ ಕೈಯಿಂದ ಬಿದ್ದವನು. ಗೆಳೆಯ ಯೋನಾತಾನನ ಮಗನೆಂಬ ಋಣಕ್ಕೆ ದಾವೀದ ಅವನನ್ನು ದಿನವೂ ತನ್ನ ಪಂಕ್ತಿಯಲ್ಲಿ ಕೂರಿಸಿಕೊಂಡು ಉಣ್ಣುತ್ತಾನೆ.

ರೂಪ, ಗುಣ ಎರಡೂ ಜಗಳವಿಲ್ಲದೆ ಕೂಡಿರುವುದು ಅಬೀಗೈಲಳಲ್ಲಿ. ಅವಳ ಬುದ್ಧಿಯನ್ನು ಮೊದಲು, ರೂಪವನ್ನು ಆಮೇಲೆ ಹೇಳಲಾಗಿದೆ. ಒರಟ ಗಂಡ ನಾಬಾಲ ದಾವೀದನ ಆಳುಗಳನ್ನು ಅವಮಾನಿಸಿ ಮನೆಗೆಲ್ಲ ಸಾವು ತಂದುಕೊಂಡಾಗ ಅವಳು ರೊಟ್ಟಿ, ದ್ರಾಕ್ಷಾರಸ, ಹುರಿಗಾಳು, ಒಣಹಣ್ಣುಗಳನ್ನು ಕತ್ತೆಗಳ ಮೇಲೆ ಹೇರಿಸಿಕೊಂಡು ಹೋಗಿ, ಮಾತಿನ ಬಲದಿಂದಲೇ ರಕ್ತಪಾತ ತಪ್ಪಿಸುತ್ತಾಳೆ.

ಧರ್ಮಶಾಸ್ತ್ರದ ವಿಧಿಗಳು

ಶಾಸ್ತ್ರಭಾಗ ಅಷ್ಟು ಸರಳವಾಗಿಲ್ಲ. ಯಾಜಕಕಾಂಡದ 21ನೇ ಅಧ್ಯಾಯ ಅಂಗವೈಕಲ್ಯವಿರುವ ಯಾಜಕರು ಬಲಿ ಅರ್ಪಿಸಕೂಡದೆಂದು ವಿಧಿಸುತ್ತದೆ. ಪವಿತ್ರ ಆಹಾರದಲ್ಲಿ ಅವರ ಪಾಲನ್ನು ಮಾತ್ರ ಉಳಿಸುತ್ತದೆ. ಸಮುವೇಲನ ಪುಸ್ತಕದ ಮಾತಿಗೂ ಈ ವಿಧಿಗೂ ಇರುವ ಬಿರುಕನ್ನು ಮುಚ್ಚಲು ಸಾಧ್ಯವಿಲ್ಲ, ಮುಚ್ಚಬೇಕಾಗಿಯೂ ಇಲ್ಲ. ಯೆಶಾಯನ 56ನೇ ಅಧ್ಯಾಯವಂತೂ ಸಭೆಯಿಂದ ಹೊರಗುಳಿದಿದ್ದ ನಪುಂಸಕರಿಗೆ ಮಕ್ಕಳಿಗಿಂತ ಮಿಗಿಲಾದ ಹೆಸರನ್ನು ದೇವಾಲಯದೊಳಗೆ ಕೊಡುವುದಾಗಿ ಸಾರಿ ಹಳೆಯ ಗೆರೆಯನ್ನು ದಾಟುತ್ತದೆ. ಯುದ್ಧದಲ್ಲಿ ಸೆರೆಸಿಕ್ಕ ಚೆಲುವೆಯನ್ನು ಮೋಹಿಸಿದವನಿಗೆ ಧರ್ಮೋಪದೇಶಕಾಂಡ ಹಾಕುವ ತಡೆಯೂ ಗಮನಾರ್ಹ: ಅವಳು ತಲೆ ಬೋಳಿಸಿ, ಉಗುರು ಕತ್ತರಿಸಿ, ಸೆರೆಯ ಬಟ್ಟೆ ತೆಗೆದು, ಹೆತ್ತವರಿಗಾಗಿ ಒಂದು ತಿಂಗಳು ಅಳಬೇಕು, ಆಮೇಲಷ್ಟೇ ಮದುವೆ. ಅವಳು ಬೇಡವಾದರೆ ಮಾರುವಂತಿಲ್ಲ, ಬಿಟ್ಟುಕಳಿಸಬೇಕು. ಇಂದಿನ ಮಾನದಂಡಕ್ಕೆ ಇದು ನ್ಯಾಯವೆನಿಸದು. ಆದರೂ ಕಣ್ಣಿನ ಆತುರಕ್ಕೆ ಒಂದು ತಿಂಗಳ ಅಡ್ಡಗೋಡೆ ಕಟ್ಟಿದ್ದು ಅಂದಿನ ಲೋಕದಲ್ಲಿ ಸಣ್ಣ ಸಂಗತಿಯಲ್ಲ.

ಚೆಲುವು ದೇವರ ಕೆಲಸಕ್ಕೆ ಸಲ್ಲುವುದನ್ನು ವಿಮೋಚನಕಾಂಡ ಸಂಭ್ರಮದಿಂದ ಹೇಳುತ್ತದೆ. ಯಾಜಕರ ಉಡುಪು ಅಂದವಾಗಿರಬೇಕು, ಕುಶಲಕರ್ಮಿ ಬೆಚಲೇಲನ ಕೈಯಲ್ಲಿ ದೈವೀ ಜಾಣ್ಮೆಯಿದೆ. ದೇವದರ್ಶನದ ಗುಡಾರದ ಬಾಗಿಲಲ್ಲಿ ಸೇವೆ ಮಾಡುತ್ತಿದ್ದ ಹೆಂಗಸರು ಕೊಟ್ಟ ತಾಮ್ರದ ಕೈಗನ್ನಡಿಗಳಿಂದಲೇ ಯಾಜಕರು ಕೈಕಾಲು ತೊಳೆಯುವ ಗಂಗಾಳ ತಯಾರಾಯಿತು. ಸಿಂಗಾರದ ವಸ್ತುವನ್ನು ತೆಗೆದುಕೊಳ್ಳಲು ಮೋಶೆ ಹಿಂಜರಿದನೆಂದೂ, ಎಲ್ಲ ಕಾಣಿಕೆಗಳಿಗಿಂತ ಇವೇ ತನಗೆ ಪ್ರಿಯವೆಂದು ದೇವರು ತಿದ್ದಿದನೆಂದೂ ನಂತರದ ಯೆಹೂದ್ಯ ಕತೆಯೊಂದಿದೆ.

ಜ್ಞಾನ, ಪ್ರವಾದನೆ, ಪ್ರೇಮ

ಜ್ಞಾನೋಕ್ತಿಗಳ ಪುಸ್ತಕ ವಿವೇಕವಿಲ್ಲದ ಚೆಲುವೆಯನ್ನು ಹಂದಿಯ ಮೂಗಿನ ಚಿನ್ನದ ಮೂಗುತಿಗೆ ಹೋಲಿಸುತ್ತದೆ. ಅದಕ್ಕಿಂತ ತೂಕದ ಮಾತು ಪುಸ್ತಕದ ಕೊನೆಯಲ್ಲಿದೆ. 31ನೇ ಅಧ್ಯಾಯದ ಕೊನೆಯ 22 ವಚನಗಳು ಹೀಬ್ರೂ ವರ್ಣಮಾಲೆಯ 22 ಅಕ್ಷರಗಳಿಂದ ಕ್ರಮವಾಗಿ ಆರಂಭವಾಗುತ್ತವೆ. ವಿಷಯ ಒಬ್ಬ ಸಮರ್ಥ ಗೃಹಿಣಿಯ ಹೊಗಳಿಕೆ. ಅವಳ ಮುಖದ ವರ್ಣನೆ ಎಲ್ಲೂ ಇಲ್ಲ, ಕೈಗಳ ಮಾತು ಪದೇ ಪದೇ ಬರುತ್ತದೆ. ಉಣ್ಣೆ, ನಾರು ತಂದು ನೂಲುತ್ತಾಳೆ, ಹೊಲ ಕೊಳ್ಳುತ್ತಾಳೆ, ದ್ರಾಕ್ಷಿತೋಟ ಹಾಕುತ್ತಾಳೆ, ನೇಯ್ದದ್ದನ್ನು ವ್ಯಾಪಾರಿಗಳಿಗೆ ಮಾರುತ್ತಾಳೆ. ಕದಿರು ಹಿಡಿದ ಅದೇ ಕೈಯನ್ನು ಬಡವರತ್ತ ಚಾಚುತ್ತಾಳೆ. ಸೊಬಗು ನೆಚ್ಚತಕ್ಕದ್ದಲ್ಲ, ದೇವರಿಗೆ ಅಂಜಿ ನಡೆಯುವವಳೇ ಹೊಗಳಿಕೆಗೆ ತಕ್ಕವಳು ಎಂಬ ತೀರ್ಮಾನ ಇಷ್ಟು ದುಡಿಮೆಯನ್ನು ತೋರಿಸಿದ ಮೇಲೆ ಬರುವುದರಿಂದ ಅದಕ್ಕೆ ಬಲ ಬಂದಿದೆ. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಕಂಡಿಕೆ ಸುತ್ತುವ, ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಸುತ್ತ ರೇಷ್ಮೆಹುಳು ಸಾಕುವ ಹೆಂಗಸರ ದಿನಚರಿ ಬಲ್ಲವರಿಗೆ ಈ ಪದ್ಯದ ಲೋಕ ದೂರದ್ದೆನಿಸದು. ಯೆಹೂದ್ಯ ಮನೆಗಳಲ್ಲಿ ಶುಕ್ರವಾರ ರಾತ್ರಿಯ ಸಬ್ಬತ್ ಊಟಕ್ಕೆ ಮೊದಲು ಇದನ್ನು ಹಾಡುವ ರೂಢಿಯಿದೆ. ಪದ್ಯ ಆ ಗೃಹಿಣಿಗೆ ಕೊಡುವ ಬಿರುದನ್ನೇ ರೂತಳ ಪುಸ್ತಕದಲ್ಲಿ ಹೊಲದ ಒಡೆಯ ಬೋವಜನು ರೂತಳಿಗೆ ಕೊಡುತ್ತಾನೆ. ರೂತ್ ಪರದೇಶದಿಂದ ಬಂದ ಬಡ ವಿಧವೆ, ಕೊಯ್ಲಾದ ಹೊಲದಲ್ಲಿ ಹಕ್ಕಲಾಯ್ದು ಅತ್ತೆಯನ್ನು ಸಾಕಿದವಳು. ಅವಳ ರೂಪದ ಬಗ್ಗೆ ಆ ಪುಸ್ತಕದಲ್ಲಿ ಒಂದಕ್ಷರವೂ ಇಲ್ಲ.

ಎಸ್ತೇರಳ ಪುಸ್ತಕದಲ್ಲಿ ಪಾರಸಿ ಅರಸ ಅಹಷ್ವೇರೋಷ ಹೆಂಡತಿಯ ರೂಪವನ್ನು ಕುಡಿದ ಅತಿಥಿಗಳ ಮುಂದೆ ಪ್ರದರ್ಶಿಸಬಯಸುತ್ತಾನೆ. ರಾಣಿ ವಷ್ಟಿ ಬರಲೊಲ್ಲದೆ ಪಟ್ಟ ಕಳೆದುಕೊಳ್ಳುತ್ತಾಳೆ. ಬದಲಿ ರಾಣಿಯ ಹುಡುಕಾಟಕ್ಕೆ ತಂದ ಹುಡುಗಿಯರಿಗೆ ಆರು ತಿಂಗಳು ರಕ್ತಬೋಳದ ಎಣ್ಣೆ, ಇನ್ನಾರು ತಿಂಗಳು ಸುಗಂಧದ್ರವ್ಯಗಳ ಲೇಪ. ಎಸ್ತೇರ್ ಗೆದ್ದದ್ದು ರೂಪದಿಂದಲೇ. ಆದರೆ ಅವಳ ಹೆಸರು ಉಳಿದದ್ದು, ಮೂರು ದಿನ ಉಪವಾಸವಿದ್ದು, ಸತ್ತರೆ ಸಾಯುತ್ತೇನೆಂದು ನಿಶ್ಚಯಿಸಿ, ಕರೆಯಿಲ್ಲದೆ ಅರಸನ ಮುಂದೆ ನಿಂತು ತನ್ನ ಜನರನ್ನು ಉಳಿಸಿಕೊಂಡದ್ದರಿಂದ.

ಪ್ರವಾದಿಗಳು ಚೆಲುವಿನ ಗರ್ವವನ್ನು ಊರುಗಳಿಗೆ, ಅರಸರಿಗೆ ಅನ್ವಯಿಸುತ್ತಾರೆ. ಯೆಹೆಜ್ಕೇಲನಲ್ಲಿ ತೂರ್ ಪಟ್ಟಣದ ಅರಸ ತನ್ನ ಸೊಬಗಿನಿಂದ ಉಬ್ಬಿ ವಿವೇಕ ಕಳೆದುಕೊಳ್ಳುತ್ತಾನೆ. ಯೆರೂಸಲೇಮನ್ನು ವಂಚಕ ವಧುವಾಗಿ ಚಿತ್ರಿಸುವ 16ನೇ ಅಧ್ಯಾಯದ ಕ್ರೌರ್ಯ ಇಂದಿನ ಓದುಗರನ್ನು, ಅದರಲ್ಲೂ ಸ್ತ್ರೀವಾದಿ ವಿದ್ವಾಂಸರನ್ನು, ಸರಿಯಾಗಿಯೇ ಕಾಡಿದೆ. ಯೆಶಾಯ ಚೀಯೋನಿನ ಸಿರಿವಂತ ಹೆಂಗಸರ ಕಾಲ್ಗೆಜ್ಜೆ, ಓಲೆ, ಬಳೆ, ಮುಸುಕುಗಳ ಉದ್ದನೆಯ ಪಟ್ಟಿ ಕೊಡುತ್ತಾನೆ. ಆ ಪಟ್ಟಿಗೆ ಮುಂಚಿನ ವಚನಗಳಲ್ಲಿ ಬಡವರಿಂದ ಕಿತ್ತುಕೊಂಡ ಸೊತ್ತಿನ ಮಾತಿದೆ ಎಂಬುದನ್ನು ಬಿಟ್ಟು ಓದಿದರೆ ಅವನ ಕೋಪ ಅರ್ಥವಾಗುವುದಿಲ್ಲ. ಇದೇ ಹೆಸರಿನ ಪುಸ್ತಕದ 53ನೇ ಅಧ್ಯಾಯದ ದೇವಸೇವಕನಿಗೆ ನೋಡುವಂಥ ರೂಪವೇ ಇಲ್ಲ. ಜನ ಮುಖ ತಿರುಗಿಸಿಕೊಂಡ ಅವನೇ ಇತರರ ನೋವನ್ನು ಹೊರುತ್ತಾನೆ.

ಇವೆಲ್ಲಕ್ಕೆ ಎದುರಾಗಿ ಪರಮಗೀತವಿದೆ. ಎಂಟು ಅಧ್ಯಾಯಗಳ ಈ ಕಾವ್ಯದಲ್ಲಿ ಹೆಣ್ಣು ಗಂಡಿನ ಮೈಯನ್ನು, ಗಂಡು ಹೆಣ್ಣಿನ ಮೈಯನ್ನು ನಾಚಿಕೆಯಿಲ್ಲದೆ ಹಾಡಿ ಹೊಗಳುತ್ತಾರೆ. ಅಣ್ಣಂದಿರು ದ್ರಾಕ್ಷಿತೋಟ ಕಾಯಲು ಹಚ್ಚಿದ್ದರಿಂದ ಬಿಸಿಲಿಗೆ ಕಪ್ಪಾದೆನೆಂದು ಹೇಳುವ ನಾಯಕಿ, ಆ ಕಪ್ಪಿನಲ್ಲೇ ತಾನು ಚೆಲುವೆ ಎಂದು ತಲೆಯೆತ್ತಿ ಸಾರುತ್ತಾಳೆ. ಬಿಸಿಲಲ್ಲಿ ದುಡಿದ ಮೈಬಣ್ಣಕ್ಕೆ ಇಷ್ಟು ಹಿಂದೆಯೇ ಸಂದ ಈ ಗೌರವ, ವಧುವಿನ ಬಣ್ಣ ಕೇಳಿ ಸಂಬಂಧ ನೋಡುವ ಸಮಾಜಗಳಿಗೆ ಇಂದಿಗೂ ತಲುಪಬೇಕಾದ ಮಾತು.

ನಂತರದ ಯೆಹೂದ್ಯ ಪರಂಪರೆ

ಕ್ರಿ.ಪೂ. 2ನೇ ಶತಮಾನದ ಆರಂಭದಲ್ಲಿ ಯೆರೂಸಲೇಮಿನ ಬೆನ್ ಸಿರಾ, ರೂಪ ಕಂಡು ಯಾರನ್ನೂ ಹೊಗಳಬೇಡ, ತೆಗಳಬೇಡ ಎಂದು ಬರೆದು ಪುಟ್ಟ ಜೇನುನೊಣದ ಸಿಹಿಯನ್ನು ನೆನಪಿಸಿದ. ತಾಲ್ಮೂದಿನಲ್ಲಿ ರಬ್ಬಿ ಯೆಹೋಶುವನ ಕತೆಯಿದೆ. ಇಷ್ಟು ಸೊಗಸಾದ ವಿದ್ಯೆ ಇಷ್ಟು ವಿಕಾರ ಪಾತ್ರೆಯಲ್ಲೇ ಎಂದು ಚಕ್ರವರ್ತಿಯ ಮಗಳು ಮೂದಲಿಸಿದಾಗ ಅವನು, ನಿಮ್ಮ ತಂದೆ ದ್ರಾಕ್ಷಾರಸವನ್ನು ಮಣ್ಣಿನ ಗಡಿಗೆಯಲ್ಲೇಕೆ ಇಡುತ್ತಾರೆ ಎಂದು ಕೇಳುತ್ತಾನೆ. ಅವಳು ಬೆಳ್ಳಿಬಂಗಾರದ ಪಾತ್ರೆಗಳಿಗೆ ಸುರಿಸುತ್ತಾಳೆ, ಎಲ್ಲ ಹುಳಿಯಾಗುತ್ತದೆ. ಸುಮಾರು ಕ್ರಿ.ಶ. 200ರಲ್ಲಿ ಸಂಕಲಿತವಾದ ಮಿಷ್ನಾ ಇನ್ನೂ ಹೃದ್ಯವಾದ ರೂಢಿಯೊಂದನ್ನು ದಾಖಲಿಸಿದೆ. ವರ್ಷಕ್ಕೆ ಎರಡು ದಿನ ಯೆರೂಸಲೇಮಿನ ಹೆಣ್ಣುಮಕ್ಕಳು ದ್ರಾಕ್ಷಿತೋಟಗಳಲ್ಲಿ ಕುಣಿಯಲು ಹೋಗುವಾಗ ಎಲ್ಲರೂ ಎರವಲು ತಂದ ಬಿಳಿ ಬಟ್ಟೆಯನ್ನೇ ಉಡುತ್ತಿದ್ದರು, ಉಡಲಿಲ್ಲದವಳಿಗೆ ನಾಚಿಕೆಯಾಗಬಾರದೆಂದು.

ಕನ್ನಡದಲ್ಲಿ

ಈ ಗ್ರಂಥಗಳು ಕನ್ನಡಕ್ಕೆ ಪೂರ್ಣವಾಗಿ ಬಂದದ್ದು 1831ರಲ್ಲಿ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಕೈಗೊಂಡ ಅನುವಾದದ ಮೂಲಕ. ಮುಂದೆ ಪರಿಷ್ಕರಣಗಳಾಗಿ 'ಸತ್ಯವೇದವು' ಎಂಬ ಹೆಸರಿನಲ್ಲಿ ಕನ್ನಡ ಕ್ರೈಸ್ತರ ಮನೆಮಾತಾಯಿತು. ಅದು ಬಂದ ನೆಲದಲ್ಲಿ ರೂಪ ಗುಣಗಳ ವಿಚಾರ ಆಗಲೇ ಆಳವಾಗಿ ನಡೆದಿತ್ತು. 941ರ 'ಆದಿಪುರಾಣ'ದಲ್ಲಿ ಪಂಪ, ಕುಣಿಯುತ್ತಿದ್ದಂತೆಯೇ ಆಯುಸ್ಸು ತೀರಿದ ನೀಲಾಂಜನೆಯ ಮೂಲಕ ರೂಪದ ನಶ್ವರತೆಯನ್ನು ತೋರಿಸಿದ. 1209ರ 'ಯಶೋಧರ ಚರಿತೆ'ಯಲ್ಲಿ ಜನ್ನ ಪ್ರಶ್ನೆಯನ್ನು ತಲೆಕೆಳಗು ಮಾಡಿದ. ಚೆಲುವೆ ರಾಣಿ ಅಮೃತಮತಿ ಚೆಲುವ ಅರಸನನ್ನು ಬಿಟ್ಟು ವಿಕಾರರೂಪಿಯಾದ ಮಾವುತನಿಗೆ, ಅವನ ಹಾಡು ಕೇಳಿ ಒಲಿಯುತ್ತಾಳೆ. ಆ ಒಲವು ಕೊಲೆಯಲ್ಲಿ ಕೊನೆಗೊಳ್ಳುತ್ತದೆ. ಕುರೂಪದ ಹಿಂದೆ ಸದ್ಗುಣ ಇದ್ದೇ ಇರುತ್ತದೆಂಬ ಸುಲಭದ ನಂಬಿಕೆಗೆ ಜನ್ನ ಅವಕಾಶ ಕೊಡುವುದಿಲ್ಲ.

ರೂಪ, ಗುಣ ಎರಡೂ ಕೂಡಿರುವುದಕ್ಕೆ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದ ಐತಿಹಾಸಿಕ ನಿದರ್ಶನ ಹೊಯ್ಸಳ ರಾಣಿ ಶಾಂತಲಾದೇವಿಯದು. ವಿಷ್ಣುವರ್ಧನನ ಪಟ್ಟದರಸಿಯಾದ ಅವಳು 1131ರಲ್ಲಿ ನೆಲಮಂಗಲ ತಾಲ್ಲೂಕಿನ ಶಿವಗಂಗೆಯಲ್ಲಿ ದೇಹ ಬಿಟ್ಟಳೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಅವಳ ಚೆಲುವನ್ನು ಹೊಗಳುವ ಶಾಸನಗಳೇ ವಿವೇಕ, ಹಾಡು ಕುಣಿತಗಳ ಪಾಂಡಿತ್ಯ, ಮುನಿಗಳ ಮುಂದಿನ ವಿನಯ, ಎಲ್ಲ ಮತಗಳಿಗೆ ಕೊಟ್ಟ ಆಶ್ರಯಗಳನ್ನು ಸಾಲಾಗಿ ಹೇಳುತ್ತವೆ. ಜನರ ಬಾಯಲ್ಲಿ ಉಳಿದಿರುವುದು ನಾಟ್ಯರಾಣಿಯ ರೂಪ ಮತ್ತು ಬೆಟ್ಟದಿಂದ ಹಾರಿದಳೆಂಬ ಕತೆ. ಶಾಸನದಲ್ಲಿ ಹಾರಿದ ಮಾತಿಲ್ಲ. ಅಬೀಗೈಲಳಂತೆ ಇವಳಲ್ಲೂ ರೂಪ, ಗುಣ ಎರಡೂ ಕೂಡಿದ್ದವು; ಅವನ್ನು ಬೇರ್ಪಡಿಸಿದ್ದು ನಂತರದವರ ಕಲ್ಪನೆ.

ಸಮುವೇಲನ ಪುಸ್ತಕದ ಆಯ್ಕೆಯ ಪ್ರಸಂಗಕ್ಕೆ ಕನ್ನಡದಲ್ಲಿ ಅತಿ ಹತ್ತಿರದ ಜೊತೆಗತೆ ಕನಕದಾಸರ 'ರಾಮಧಾನ್ಯ ಚರಿತೆ'. 16ನೇ ಶತಮಾನದ ಈ ಷಟ್ಪದಿ ಕಾವ್ಯದಲ್ಲಿ ಬೆಳ್ಳಗಿನ ನೆಲ್ಲು ತನ್ನ ಕುಲ, ರೂಪ, ಯಜ್ಞಗಳಲ್ಲಿನ ಸ್ಥಾನ ಹೇಳಿಕೊಂಡು ಕಪ್ಪು ರಾಗಿಯನ್ನು, ಅಂದರೆ ನರೆದಲಗನನ್ನು, ಹೀಯಾಳಿಸುತ್ತದೆ. ಬಡವರನ್ನು ಕಣ್ಣೆತ್ತಿ ನೋಡದ ನೀನು ಉಳ್ಳವರ ಬೆನ್ನುಹತ್ತುವೆ ಎಂದು ರಾಗಿ ತಿರುಗಿ ಹೇಳುತ್ತದೆ. ರಾಮನು ಅವಸರದ ತೀರ್ಪು ಕೊಡದೆ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರಗೆ ತಂದಾಗ ನೆಲ್ಲು ಸತ್ವ ಕಳೆದುಕೊಂಡಿರುತ್ತದೆ, ರಾಗಿ ಹಾಗೆಯೇ ಇರುತ್ತದೆ. ಇದು ಕವಿಯ ಕಲ್ಪನೆಯಷ್ಟೇ ಅಲ್ಲ. ದೊಡ್ಡಬಳ್ಳಾಪುರ, ಹೊಸಕೋಟೆ, ದೇವನಹಳ್ಳಿ, ನೆಲಮಂಗಲ ಸೀಮೆಯ ರೈತರು ಹಿಂದೆ ರಾಗಿಯನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿಟ್ಟು ವರ್ಷಗಟ್ಟಲೆ ಕಾಯ್ದುಕೊಳ್ಳುತ್ತಿದ್ದರು, ಬರ ಬಂದಾಗ ಅದನ್ನೇ ತೆಗೆದು ಉಣ್ಣುತ್ತಿದ್ದರು. ಬೇತ್ಲೆಹೇಮಿನಲ್ಲಿ ದೇವರ ನೋಟ ಆ ಕ್ಷಣದಲ್ಲೇ ಹೃದಯವನ್ನು ಕಾಣುತ್ತದೆ. ಕನಕದಾಸರಲ್ಲಿ ಆ ಕೆಲಸವನ್ನು ಕಾಲ ಮಾಡುತ್ತದೆ. ಬಡವರ ಹಸಿವಿಗೆ ಆದದ್ದೇ ಹಿರಿಮೆ ಎಂಬ ಅಳತೆಯಲ್ಲಿ ಮಾತ್ರ 'ರಾಮಧಾನ್ಯ ಚರಿತೆ'ಗೂ ಜ್ಞಾನೋಕ್ತಿಗಳ 31ನೇ ಅಧ್ಯಾಯಕ್ಕೂ ಭೇದವಿಲ್ಲ.